ಎರಡು ರಾಡಿನ ಲಾರಿ

ಲಾರಿ ಇಳಿಜಾರಿನಲ್ಲಿ ಕೈಕೊಟ್ಟ ಮಾರನೆಯ ಬೆಳಿಗ್ಗೆ ಆ ಮನೆಯಲ್ಲಿ ಯಾರ ಗಂಟಲಲ್ಲೂ ತಿಂಡಿ ಇಳಿಯಲಿಲ್ಲ. ಮಾವ ಚಹಾದಲ್ಲಿ ಅದ್ದಿದ ಬ್ರೆಡ್ಡು ಕರಗಿ ಲೋಟದ ತಳ ಸೇರಿದ್ದನ್ನೂ ನೋಡದೆ ಕೂತಿದ್ದರು. ಅತ್ತೆ ಬೇಯಿಸಿದ ಮೊಟ್ಟೆಗಳ ಸಿಪ್ಪೆ ಸುಲಿದು ಸುಲಿದು ತಟ್ಟೆಯಲ್ಲಿಡುತ್ತಿದ್ದರು, ಎತ್ತಿಕೊಳ್ಳುವವರಿರಲಿಲ್ಲ. ಸೊಸೆ ಬೇಕರಿಯ ವ್ಯಾನು ಬಿಟ್ಟು ಆಗಷ್ಟೇ ಮನೆಗೆ ಬಂದವಳು, ಚಪ್ಪಲಿ ಕಳಚುತ್ತ ಮೂವರ ಮುಖ ನೋಡಿ ಬಾಗಿಲಲ್ಲೇ ನಿಂತಳು.

"ಬುಧವಾರ ಗುಜರಿಯವನು ಬರ್ತಾನೆ," ಎಂದ ಅವಳ ಗಂಡ. "ಹೇಳಿಯಾಯ್ತು. ಇನ್ನು ಅದರ ಮೇಲೆ ಮಾತಿಲ್ಲ."

"ಯಾರು ಬರ್ತಾರೆ?" ಎಂದರು ಮಾವ.

"ಗುಜರಿಯವನು! ಗುಜರಿ!"

"ಕಿರುಚಬೇಡ. ನಂಗೆ ಕೇಳ್ಸತ್ತೆ."

ಹಿಂದಿನ ದಿನ ಆದದ್ದು ಇಷ್ಟು. ಮಾವ ಜಲ್ಲಿ ತುಂಬಿಕೊಂಡು ಗುಡ್ಡ ಇಳಿಯುತ್ತಿದ್ದರು. ಅರ್ಧ ದಾರಿಯಲ್ಲಿ ಗೇರು ತಾನಾಗಿಯೇ ಹಾರಿಬಿತ್ತು. ಹಿಡಿತ ತಪ್ಪಿದ ಲಾರಿ ಹಗ್ಗ ಕಡಿದ ಎತ್ತಿನಂತೆ ನುಗ್ಗಿತು. ಮಾವ ಹ್ಯಾಂಡ್‌ಬ್ರೇಕು ಜಗ್ಗಿ, ರಸ್ತೆ ಪಕ್ಕದ ಮಣ್ಣುದಿಬ್ಬಕ್ಕೆ ಅದರ ಮೂತಿ ಒತ್ತಿ ನಿಲ್ಲಿಸಿದ್ದರು. ಬಂಪರು ನೆಗ್ಗಿತ್ತು. ಅವರ ಮೈಗೆ ಒಂದು ಗೀರೂ ಆಗಿರಲಿಲ್ಲ.

ಮೂವತ್ತೆಂಟು ವರ್ಷದ ಲಾರಿ ಅದು. ಬೇರೆ ಲಾರಿಗಳಿಗೆ ಗೇರ್ ರಾಡು ಒಂದಾದರೆ ಇದಕ್ಕೆ ಎರಡು. ಎಂಜಿನ್ನಿನ ಹಿಂದೆ ಎಲ್ಲಕ್ಕೂ ಇರುವಂಥ ಐದು ಗೇರಿನ ಪೆಟ್ಟಿಗೆ; ಅದರ ಹಿಂದೆ ಚಾಸಿಯ ನಡುವೆ ನೇತುಹಾಕಿದ ಇನ್ನೊಂದು ಚಿಕ್ಕ ಪೆಟ್ಟಿಗೆ, ಮೂರು ಗೇರಿನದು. ಮುಂದಿನ ಒಂದೊಂದು ಗೇರನ್ನೂ ಹಿಂದಿನ ಪೆಟ್ಟಿಗೆ ಮೂರು ಥರ ಮಾಡಿಕೊಡುತ್ತಿತ್ತು: ಭಾರ ಹೊರಲು ತಗ್ಗು, ಸಮ ರಸ್ತೆಗೆ ನೇರ, ಖಾಲಿ ಓಟಕ್ಕೆ ಮೇಲು. ಅದನ್ನು ಓಡಿಸಬಲ್ಲವರು ಊರಲ್ಲಿ ಒಬ್ಬರೇ ಉಳಿದಿದ್ದರು. ಹಾಗಾಗಿ ಬೀದಿಯವರೆಲ್ಲ ಮಾವನನ್ನು 'ಎರಡು ರಾಡು' ಅಂತಲೇ ಕರೆಯುತ್ತಿದ್ದದ್ದು. ಅತ್ತೆಯ ಬಾಯಲ್ಲಿ ಮಾತ್ರ ಲಾರಿಗೆ ಬೇರೆ ಹೆಸರು. "ನನ್ನ ಸವತಿ," ಅನ್ನುತ್ತಿದ್ದರು. "ನನಗಿಂತ ಅವಳ ಮೈ ಒರೆಸಿದ್ದೇ ಹೆಚ್ಚು."

ಗಂಡ ಓಡಿಸುತ್ತಿದ್ದದ್ದು ಉಗ್ರಾಣದ ಕಂಪನಿಯೊಂದರ ಹೊಸ ಲಾರಿ. ಅದರ ಗೇರು ತಾನೇ ಬದಲಾಗುತ್ತಿತ್ತು. ಹಳೆಯದನ್ನು ಗುಜರಿಗೆ ಹಾಕಿ ಹಿತ್ತಲಲ್ಲಿ ಎರಡು ಕೋಣೆ ಎಬ್ಬಿಸಬೇಕು ಎಂಬುದು ಅವನ ವರ್ಷಗಳ ಯೋಚನೆ.

"ನಿನ್ನೆ ಅಪ್ಪ ಬದುಕಿ ಬಂದಿದ್ದೇ ಹೆಚ್ಚು," ಎಂದ ಅವನು ಹೆಂಡತಿಗೆ. "ನೀನೇ ಹೇಳು."

ಅವಳು ಒಂದು ಮೊಟ್ಟೆ ಎತ್ತಿಕೊಂಡಳು. "ಲಾರಿ ಕೆಟ್ಟಿದ್ರೆ ರಿಪೇರಿ ಮಾಡಿಸೋಣ. ಮಾರೋದು ಯಾವಾಗ ಬೇಕಾದ್ರೂ ಮಾರಬಹುದು."

"ರಿಪೇರಿ ಮಾಡಿ ಓಡಿಸೋರು ಯಾರು?"

"ನಾನು," ಎಂದಳು ಅವಳು, ಬಾಯಲ್ಲಿ ಮೊಟ್ಟೆ ಇಟ್ಟುಕೊಂಡೇ.

ಗಂಡ ನಕ್ಕ. ಮಾವ "ಏನಂದ್ಲು?" ಎಂದರು. ಅತ್ತೆ ನಗಲಿಲ್ಲ.

ಬುಧವಾರ ಗುಜರಿಯವನು ಬಂದ. ಗಂಡ ಕೆಲಸಕ್ಕೆ ಹೋಗಿದ್ದ. ಬಂದವನು ಲಾರಿಯ ಸುತ್ತ ಒಂದು ಸುತ್ತು ಹಾಕಿ, ಮುಂದಿನ ಟೈರಿಗೆ ಕಾಲಲ್ಲಿ ಒದ್ದು ನೋಡಿದ.

ಅಡುಗೆಮನೆಯ ಕಿಟಕಿಯಿಂದ ಅತ್ತೆ ಕೂಗಿದರು. "ಏನಪ್ಪಾ, ನನ್ನ ಸವತಿಯನ್ನ ಒದೆಯೋಕೆ ನಿನಗೆ ಹೇಳಿದೋರು ಯಾರು?"

"ನಿಮ್ಮ ಮಗಾನೇ ಕರೆದಿದ್ದಮ್ಮ..."

"ಮಗ ಕರೆದಿದ್ರೆ ಮಗನ ಹತ್ರ ಹೋಗು. ಅವನ ಲಾರಿ ಒದಿ. ಬಂದದ್ದು ಬಂದಿದೀಯ, ಚಹಾ ಕುಡಿದು ಹೋಗು."

ಅವನು ಎರಡು ಲೋಟ ಚಹಾ ಕುಡಿದು, ಖಾಲಿ ಕೈಯಲ್ಲಿ ಹೋದ.

ಸೊಸೆಯ ಮಾತು ತಮಾಷೆಯದಾಗಿರಲಿಲ್ಲ. ಆರು ವರ್ಷದಿಂದ ಅವಳು ಬೆಳಗಿನ ಜಾವ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದಳು. ದೊಡ್ಡ ವಾಹನ ಕೊಡುತ್ತೇವೆ ಎಂದು ಬೇಕರಿಯವರು ಹೇಳಿದ್ದನ್ನು ನಂಬಿ ಭಾರಿ ವಾಹನದ ಲೈಸೆನ್ಸೂ ಮಾಡಿಸಿದ್ದಳು. ಕೊನೆಗೆ ಆ ವಾಹನ ಮಾಲೀಕರ ತಮ್ಮನ ಪಾಲಾಗಿತ್ತು. ಲೈಸೆನ್ಸು ಬೀರುವಿನಲ್ಲಿ ಸೀರೆಗಳ ಕೆಳಗೆ ಬಿದ್ದಿತ್ತು. ಆ ಶನಿವಾರ ಅವಳು ಅದನ್ನು ತೆಗೆದು ಮಾವನ ಮುಂದೆ ಇಟ್ಟಳು.

ಮಾವ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಇದರಲ್ಲಿ ಒಂದು ರಾಡಿಗೆ ಮಾತ್ರ ಪರ್ಮಿಶನ್ನು ಇದ್ದಂಗಿದೆ."

"ಇನ್ನೊಂದಕ್ಕೆ ನೀವು ಕೊಡಿ ಮಾವ."

ಅವರು ಮೀಸೆ ಸವರಿಕೊಂಡರು. ಅಷ್ಟೇ ಸಾಕಾಗಿತ್ತು.

ಊರಾಚೆ ಇಟ್ಟಿಗೆ ಗೂಡಿನ ಬಯಲಿತ್ತು. ಮಧ್ಯಾಹ್ನ ಊಟದ ಡಬ್ಬಿ ಕಟ್ಟಿಕೊಂಡು ಮೂವರೂ ಅಲ್ಲಿಗೆ ಹೋಗತೊಡಗಿದರು. ಸೊಸೆ ಸ್ಟೀರಿಂಗು ಹಿಡಿದು, ಮಾವ ಪಕ್ಕದಲ್ಲಿ. ಅತ್ತೆ ಬಯಲಿನ ಅಂಚಿನಲ್ಲಿ ಇಟ್ಟಿಗೆ ರಾಶಿಯ ಮೇಲೆ, ಸೊಪ್ಪು ಬಿಡಿಸುತ್ತ.

"ಕ್ಲಚ್ಚು ಒತ್ತು, ಗೇರು ತೆಗಿ, ಕ್ಲಚ್ಚು ಬಿಡು," ಎಂದು ಮಾವ ಪಾಠ ಶುರುಮಾಡಿದರು. "ಎಂಜಿನ್ನು ಉಸಿರು ಇಳಿಸೋವರೆಗೂ ಕಾಯಿ. ಮತ್ತೆ ಒತ್ತು, ಹಾಕು. ಮುಂದಿನದಕ್ಕೂ ಹಂಗೇ, ಹಿಂದಿನದಕ್ಕೂ ಹಂಗೇ. ಎರಡೂ ಒಟ್ಟಿಗೆ ಬದಲಾಯಿಸೋ ಹೊತ್ತು ಬಂದ್ರೆ ಒಂದು ತೋಳು ಸ್ಟೀರಿಂಗಿನ ಒಳಗಿಂದ ತೂರಿಸಿ, ಕೈಗೊಂದು ರಾಡು ಹಿಡಿ. ಎರಡೂ ರಾಡು ಒಂದೇ ಸಲ ನ್ಯೂಟ್ರಲ್ಲಿಗೆ ಬಂದ್ರೆ ಮಾತ್ರ..."

"ಬಂದ್ರೆ?"

"ಆಮೇಲೆ ನೀನು ಡ್ರೈವರಲ್ಲ, ಪ್ಯಾಸೆಂಜರು."

ಮೊದಲ ವಾರ ಅವಳ ಕೈಗೆ ಬಂದದ್ದು ಬರೀ ಸದ್ದು. ಹಲ್ಲಿಗೆ ಹಲ್ಲು ಉಜ್ಜಿ ಆ ಪೆಟ್ಟಿಗೆ ಕೊಡುವ ಚೀತ್ಕಾರಕ್ಕೆ ಗೂಡಿನ ಕೆಲಸದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. "ಹಾಕು ಈಗ!" ಎಂದು ಮಾವ ಕೂಗಿದಾಗೆಲ್ಲ ಅವಳು ಹಾಕುತ್ತಿದ್ದಳು, ಅದು ಕಿರುಚುತ್ತಿತ್ತು. ಎಂಟನೆಯ ದಿನ ಇಟ್ಟಿಗೆ ರಾಶಿಯ ಕಡೆಯಿಂದ ಅತ್ತೆಯ ದನಿ ಬಂತು. "ಈಗ ಹಾಕೇ!" ಮಾವ ಇನ್ನೂ ಬಾಯಿ ತೆರೆದಿರಲಿಲ್ಲ. ಅವಳು ರಾಡು ದೂಡಿದಳು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಗೇರು ಕೂತಿತು.

ಊಟಕ್ಕೆ ಕೂತಾಗ ಅವಳು ಅತ್ತೆಯನ್ನು ಮೆಲ್ಲಗೆ ಕೇಳಿದಳು. "ನಿಮಗೆ ಹೇಗೆ ಗೊತ್ತಾಯ್ತು?"

"ಮದುವೆಯಾಗಿ ಹತ್ತು ವರ್ಷ ಆ ಕ್ಯಾಬಿನ್ನಿನಲ್ಲೇ ಸಂಸಾರ ಮಾಡಿದೀನಿ. ನಿನ್ನ ಗಂಡನಿಗೆ ಹಾಲು ಕುಡಿಸಿದ್ದೂ ಅಲ್ಲೇ. ಎಂಜಿನ್ನಿನ ದನಿ ಎಲ್ಲಿ ಇಳಿಯತ್ತೆ ಅಂತ ನಿದ್ದೇಲೂ ಹೇಳ್ತೀನಿ." ಅತ್ತೆ ಅನ್ನ ಕಲೆಸುತ್ತ ಗಂಡನ ಕಡೆ ನೋಡಿದರು. ಅವರು ತುಸು ದೂರದಲ್ಲಿ ಟೈರಿಗೆ ಒರಗಿ ಈರುಳ್ಳಿ ಕಡಿಯುತ್ತಿದ್ದರು. "ಅವರಿಗೆ ಕೇಳಿಸಲ್ಲ ಕಣೇ. ಎರಡು ವರ್ಷ ಆಯ್ತು. ಎಂಜಿನ್ನಿನ ದನಿ ಕೇಳದೆ ಬರೀ ಅಂದಾಜಿನ ಮೇಲೆ ಓಡಿಸ್ತಿದಾರೆ. ಹೇಳಿದ್ರೆ ಮೈಮೇಲೆ ಬರ್ತಾರೆ."

ಮರುದಿನದಿಂದ ಸೊಸೆ ಮಾವ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತ ತನ್ನ ಕಿವಿ ಹೇಳಿದಾಗ ಗೇರು ಹಾಕತೊಡಗಿದಳು. ಮಾವ ತಮ್ಮ ಪಾಠ ಫಲಿಸಿತೆಂದು ಹಿಗ್ಗಿದರು. ಫಲಿಸಿದ್ದೂ ನಿಜ. ಕಿವಿ ಬಿಟ್ಟು ಉಳಿದದ್ದನ್ನೆಲ್ಲ ಅವರೇ ಕಲಿಸಿದ್ದು. ಗುಡ್ಡ ಕಂಡರೆ ಕೆಳಗೇ ನಿಂತು ಹಿಂದಿನ ಪೆಟ್ಟಿಗೆಯನ್ನು ತಗ್ಗಿಗೆ ಹಾಕಿಕೊಳ್ಳಬೇಕು, ನೆತ್ತಿ ಮುಟ್ಟುವವರೆಗೂ ಆ ರಾಡಿನ ಕಡೆ ಕಣ್ಣೂ ಹಾಯಿಸಬಾರದು. ಮುಂದಿನ ಪೆಟ್ಟಿಗೆಗೆ ಹುಯ್ದ ಎಣ್ಣೆ ಹಿಂದಿನದಕ್ಕೆ ಹೋಗುವುದಿಲ್ಲ. ಅದರ ಬಿರಡೆ ಬೇರೆ, ಬೆರಳು ತೂರಿಸಿ ಮಟ್ಟ ನೋಡಬೇಕು. ರಾಡಿನ ಗುಂಡಿಯ ಮೇಲೆ ಅಂಗೈ ಇಟ್ಟರೆ ಪೆಟ್ಟಿಗೆಯೊಳಗೆ ಏನಾಗುತ್ತಿದೆ ಎಂದು ಕೈಗೇ ತಿಳಿಯುತ್ತದೆ.

ಮೂರನೆಯ ವಾರ ಇಟ್ಟಿಗೆ ತುಂಬಿಸಿಕೊಂಡು ಬಯಲಿನ ಪಕ್ಕದ ಇಳಿಜಾರಿನಲ್ಲಿ ಇಳಿಸಿದಾಗ ಆ ಗುಂಡಿ ಅವಳ ಅಂಗೈಯಲ್ಲಿ ನಡುಗಿತು. ಮರುಕ್ಷಣ ಹಿಂದಿನ ರಾಡು ಫಟ್ಟೆಂದು ನ್ಯೂಟ್ರಲ್ಲಿಗೆ ಹಾರಿತು. ಅವಳು ಬ್ರೇಕು ತುಳಿದು ನಿಲ್ಲಿಸಿದಳು. ಮಾವ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

ಆ ಸಂಜೆ ಗಂಡ ಊಟಕ್ಕೆ ಕೂತವನು ಬೇಳೆಯ ಪಾತ್ರೆ ಮುಂದೆ ಸರಿಸುತ್ತಿದ್ದ ಅವಳ ತೋಳು ನೋಡಿದ.

"ಬ್ರೆಡ್ಡಿಗೆ ಈಗ ಗ್ರೀಸು ಹಚ್ಚಿ ಮಾರ್ತಾರಾ?"

"ಇಲ್ಲ."

"ನನಗೆ ಗೊತ್ತಿಲ್ಲ ಅಂದ್ಕೋಬೇಡ. ನಮ್ಮ ಕಂಪನಿ ಕ್ಲೀನರಿಗೂ ಗೊತ್ತು. 'ನಿಮ್ಮ ಮನೆಯವರು ಇಟ್ಟಿಗೆ ಬಯಲಲ್ಲಿ ಸರ್ಕಸ್ಸು ಮಾಡ್ತಿದಾರಂತೆ' ಅಂತ ಕೇಳ್ತಾರೆ."

"ಸರ್ಕಸ್ಸಿಗೆ ಟಿಕೆಟ್ಟು ಇಟ್ಟಿಲ್ಲ, ನೀನೂ ಬಾ," ಎಂದರು ಅತ್ತೆ.

"ಅಮ್ಮ, ನೀನು ಸುಮ್ನಿರು!" ಅವನು ತಟ್ಟೆ ದೂಡಿದ. "ಆಗ ನನಗೆ ಹತ್ತೊಂಬತ್ತು ವರ್ಷ. ಇದೇ ಬಯಲು, ಇದೇ ಲಾರಿ. ಅಪ್ಪ ಮೂರು ದಿನ ಕಲಿಸಿದರು. ನಾಲ್ಕನೇ ದಿನ ಅಷ್ಟೂ ಜನ ಡ್ರೈವರುಗಳ ಮುಂದೆ ಕತ್ತು ಹಿಡಿದು ಇಳಿಸಿದ್ರು. 'ಇವನ ಕೈಗೆ ರಾಡು ಬೇಡ, ಸೌಟು ಕೊಡಿ' ಅಂದ್ರು. ಈಗ ಇವಳಿಗೆ ಮೂರು ವಾರ! ಕೂಗಾಟ ಇಲ್ಲ, ಬೈಗುಳ ಇಲ್ಲ! ನೆನಪಿದೆಯಾ ಅಪ್ಪ ನಿಮಗೆ? ಸೌಟು?"

"ಸೌಟಾ? ಅಲ್ಲೇ ಇದೆಯಲ್ಲ, ಬೇಳೆ ಪಾತ್ರೇಲಿ," ಎಂದರು ಮಾವ.

ಗಂಡನ ಮುಖ ಕೆಂಪೇರಿತು. "ನೋಡಿದೆಯಾ ಅಮ್ಮ? ಹೇಗೆ ಆಟ ಆಡಿಸ್ತಾರೆ ನೋಡಿದೆಯಾ?"

"ಆಟ ಅಲ್ಲ ಕಣೋ," ಎಂದರು ಅತ್ತೆ. "ನೀನು ಹೇಳಿದ್ದು ನಿಜವಾಗ್ಲೂ ಕೇಳಿಸಿಲ್ಲ ಅವರಿಗೆ. ಅವರ ಕಿವಿ ಹೋಗಿದೆ."

ಇದು ಮಾವನಿಗೆ ಕೇಳಿಸಿತು. ಅವರು ಎದ್ದು ನಿಂತರು. "ನನ್ನ ಕಿವಿಗೇನಾಗಿದೆ ಧಾಡಿ? ಲಾರಿ ಜಾರಿದ್ದು ಗೇರು ಹಾರಿ!"

"ಕಿವಿ ಕೇಳದೆ ಅರೆಬರೆ ಹಾಕಿದ್ರೆ ಹಾರದೆ ಇರತ್ತಾ?" ಎಂದ ಮಗ.

"ಇಲ್ಲ ರೀ," ಎಂದಳು ಸೊಸೆ. "ಇವತ್ತು ನನ್ನ ಕೈಯಲ್ಲೂ ಹಾರಿತು. ನಾನು ಪೂರ್ತಿ ಹಾಕಿದ್ದೆ. ನನ್ನ ಕಿವಿ ಸರಿಯಾಗೇ ಇದೆ."

ಗಂಡ ದೂಡಿದ್ದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ. ಆಮೇಲೆ ಅವನ ದನಿ ಬೇರೆಯಾಗಿತ್ತು. "ತಗ್ಗಿನಲ್ಲಾ?"

"ತಗ್ಗಿನಲ್ಲೇ."

"ಎಳೆಯುವಾಗಲಾ, ಇಳಿಯುವಾಗಲಾ?"

"ಇಳಿಯುವಾಗ. ಕಾಲು ಎತ್ತಿದ ತಕ್ಷಣ. ಮೊದಲು ರಾಡು ನಡುಗಿತು."

"ಹೂಂ," ಎಂದ ಅವನು. ಪೂರ್ತಿ ಊಟ ಮಾಡಿ ಎದ್ದ.

ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನೇ ಲಾರಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿದ್ದ. ಓಡಿಸಲು ಬಾರದಿದ್ದರೇನು, ನಟ್ಟು ಬಿಗಿಯುವ ಪಾನಾ ಹಿಡಿಯುವುದರಲ್ಲಿ ಅವನ ಕೈ ಚುರುಕು. ಮೊದಲು ಹಿಂದಿನ ಪೆಟ್ಟಿಗೆಯ ಬಿರಡೆ ಬಿಚ್ಚಿ ಎಣ್ಣೆ ನೋಡಿದ, ಮಟ್ಟ ಸರಿಯಿತ್ತು. ಮೇಲಿನ ಮುಚ್ಚಳ ತೆಗೆದು ಗೇರಿನ ಹಲ್ಲುಗಳ ಮೇಲೆ ಬೆರಳಾಡಿಸಿದ; ತುದಿ ಸ್ವಲ್ಪ ದುಂಡಗಾಗಿತ್ತು, ಹಾರುವಷ್ಟಲ್ಲ. ಕೊನೆಗೆ ಟಾರ್ಚು ಹಿಡಿದು ಪೆಟ್ಟಿಗೆ ನೇತುಹಾಕಿದ ಕಡೆ ನೋಡಿದವನು ಜೋರಾಗಿ ಕೂಗಿದ.

"ಈ ಟೈರಿನ ತುಂಡು ಇಲ್ಲಿಟ್ಟಿದ್ದು ಯಾರು?"

ಮಾವ ಬಗ್ಗಿ ನೋಡಿದರು. ಇಷ್ಟು ಸ್ಪಷ್ಟವಾಗಿ ಅವರಿಗೆ ಬಹಳ ದಿನದಿಂದ ಏನೂ ಕೇಳಿಸಿರಲಿಲ್ಲ. "ಅದಾ? ನಾನೇ ಇಟ್ಟಿದ್ದು. ಅಲ್ಲಿನ ರಬ್ಬರು ಒಡೆದಿತ್ತು. ಸದ್ಯಕ್ಕೆ ಇರಲಿ ಅಂತ."

"ಯಾವಾಗ?"

"ಹನ್ನೊಂದು ವರ್ಷ ಆಗಿರಬೇಕು."

ಗಂಡ ಲಾರಿಯ ಕೆಳಗೇ ಮಲಗಿ ಹೊಟ್ಟೆ ಕುಲುಕುವಂತೆ ನಕ್ಕ. ಅತ್ತೆ ಕಿಟಕಿಯಿಂದ ಇಣುಕಿದರು. ಮಗ ಆ ಲಾರಿಯ ಹತ್ತಿರ ನಕ್ಕದ್ದನ್ನು ಅವರು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ಟೈರಿನ ತುಂಡು ಚಪ್ಪಟೆಯಾಗಿ ಪೆಟ್ಟಿಗೆ ಒಂದು ಬದಿಗೆ ಬೆರಳಿನ ಅಗಲ ಕುಸಿದಿತ್ತು. ಅದಕ್ಕೇ ರಾಡು ಪೂರ್ತಿ ದೂಡಿದರೂ ತಗ್ಗಿನ ಗೇರು ಅರ್ಧವೇ ಕೂರುತ್ತಿತ್ತು. ಭಾರದ ಮೇಲೆ ಕಾಲೆತ್ತಿದರೆ ಜಾರುತ್ತಿತ್ತು. ಮಾವ ಜಾಕಿ ಹಿಡಿದರು, ಸೊಸೆ ಟಾರ್ಚು ಹಿಡಿದಳು, ಗಂಡ ಗಟ್ಟಿ ರಬ್ಬರು ಕತ್ತರಿಸಿ ನಾಲ್ಕು ಹೊಸ ತುಂಡು ಕೂರಿಸಿದ. ಸೋತುಹೋಗಿದ್ದ ಸ್ಪ್ರಿಂಗು ಬದಲಾಯಿಸಿದ. ಅಳತೆ ನೋಡಿ ರಾಡಿನ ಕೊಂಡಿಯನ್ನು ಎರಡು ಸುತ್ತು ಬಿಗಿದ. ಎರಡು ಭಾನುವಾರ ಹಿಡಿಯಿತು. ಅಪ್ಪ ಮಗ ಆಡಿದ ಮಾತೆಲ್ಲ ಪಾನಾದ ನಂಬರಿನದು. ಆದರೂ ಆಡಿದರು.

ಇಷ್ಟಾಗುವ ಹೊತ್ತಿಗೆ ಲಾರಿ ಜಾರಿದ್ದ ಆ ಗುಡ್ಡದ ಮೇಲಿನ ಬಡಾವಣೆಯಲ್ಲಿ ನೀರು ಬರುವುದು ನಿಂತು ಹತ್ತು ದಿನವಾಗಿತ್ತು. ಅಲ್ಲಿನ ಪಂಪು ಸುಟ್ಟುಹೋಗಿತ್ತು. ಬ್ರೆಡ್ಡು ಕೊಡಲು ಹೋದಾಗ ಸೊಸೆ ದಿನವೂ ನೋಡುತ್ತಿದ್ದಳು: ಮುದುಕಿಯರೂ ಬಸುರಿಯರೂ ಕೊಡ ಹೊತ್ತು ಒಂಬತ್ತು ತಿರುವು ಹತ್ತುತ್ತಿದ್ದರು, ಶಾಲೆಗೆ ಬೀಗ ಬಿದ್ದಿತ್ತು, ಅಂಗಡಿಯವನು ಬ್ರೆಡ್ಡಿನ ತಟ್ಟೆಗಳನ್ನು ತೊಳೆಯದೆ ಹಾಗೇ ವಾಪಸು ಕೊಡುತ್ತಿದ್ದ. ಹೊಸ ಪಂಪು ಬಂದು ಗುಡ್ಡದ ಬುಡದಲ್ಲಿ ಕೂತಿತ್ತು. ಮೋಟಾರೂ ಸೇರಿ ಒಂಬತ್ತು ಟನ್ನು. ಅದನ್ನು ಮೇಲೆ ಸಾಗಿಸುವ ಕೆಲಸ ಗಂಡನ ಕಂಪನಿಗೆ ಬಂತು, ಚಾಲಕ ಅವನೇ.

ಅವನು ಹೋದ. ನಾಲ್ಕನೆಯ ತಿರುವಿನಲ್ಲಿ ಸಿಕ್ಕಿಬಿದ್ದ. ಲಾರಿಯ ಉದ್ದ ತಿರುವಿಗೆ ಒಗ್ಗಲಿಲ್ಲ; ಹಿಂದೆ ಮುಂದೆ ಮಾಡುವಷ್ಟರಲ್ಲಿ ಕ್ಲಚ್ಚಿನಿಂದ ಹೊಗೆ ಬಂತು. ಕೆಂಪು ದೀಪ ಹತ್ತಿ ಗೇರು ತನ್ನಷ್ಟಕ್ಕೆ ತಾನೇ ನ್ಯೂಟ್ರಲ್ಲಿಗೆ ಹೋಗಿ ಕೂತಿತು. ಕೊಡ ಹೊತ್ತವರೆಲ್ಲ ನಿಂತು ನೋಡುತ್ತಿದ್ದಂತೆ ಅವನು ಹಿಂದೆ ಹಿಂದೆ ಸರಿಸುತ್ತ ಇಳಿದ. ಬುಡದಲ್ಲಿ ನೀರಿನ ಇಲಾಖೆಯ ಎಂಜಿನಿಯರು ತಲೆಗೆ ಕೈಹೊತ್ತು ನಿಂತಿದ್ದಳು. ಚಿಕ್ಕ ವಯಸ್ಸಿನ ಹೆಂಗಸು, ಹತ್ತು ದಿನದಿಂದ ಬೈಸಿಕೊಂಡು ಬೈಸಿಕೊಂಡು ದನಿ ಬಿದ್ದುಹೋಗಿತ್ತು.

"ಕ್ರೇನು ತರಿಸಬೇಕು ಅಂದ್ರೆ ಇನ್ನೊಂದು ತಿಂಗಳು," ಎಂದಳು ಅವಳು.

ಗಂಡ ಕೈಯ ಮಸಿ ಪ್ಯಾಂಟಿಗೆ ಒರೆಸಿಕೊಂಡ. "ನಮ್ಮ ಲಾರಿಗೆ ಓಡೋ ಗೇರಿದೆ ಮೇಡಂ, ತೆವಳೋ ಗೇರಿಲ್ಲ. ತೆವಳೋ ಲಾರಿ ನಮ್ಮ ಮನೇಲಿದೆ. ಗಿಡ್ಡ, ತಿರುವಿಗೆ ಒಗ್ಗತ್ತೆ. ಬನ್ನಿ."

ಹೀಗೆ ಅವನೇ ಅವಳನ್ನು ಮನೆಗೆ ಕರೆತಂದ. ಅತ್ತೆ ಚಹಾ ಇಟ್ಟರು. ಎಂಜಿನಿಯರು ಲಾರಿ ನೋಡಿದಳು, ಎರಡು ರಾಡು ನೋಡಿದಳು. ಕೊನೆಗೆ ಕೇಳಿದಳು. "ಓಡಿಸೋರು ಯಾರು?"

"ನಾನೇ," ಎಂದರು ಮಾವ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮಗ ನೆಲ ನೋಡಿದ. ಮಾವ ಕಿಟಕಿಯಲ್ಲಿ ಕಂಡ ಹೆಂಡತಿಯ ಮುಖ ನೋಡಿದರು, ಆಮೇಲೆ ಲಾರಿಯ ನೆಗ್ಗಿದ ಬಂಪರು ನೋಡಿದರು. ಒಂದು ನಿಮಿಷ ಮಂಡಿ ಉಜ್ಜಿಕೊಂಡರು.

"ನಾನೇ ಹೋಗ್ತಿದ್ದೆ. ಆದ್ರೆ ಈ ಮಂಡಿ ಒಂದು ಸರಿಯಿಲ್ಲ ನೋಡಿ. ಒಂಬತ್ತು ತಿರುವು ಕ್ಲಚ್ಚು ತುಳಿಯೋಕೆ ಆಗಲ್ಲ. ನಮ್ಮ ಸೊಸೆ ಓಡಿಸ್ತಾಳೆ. ಒಳ್ಳೇ ಕೈ."

ಎಂಜಿನಿಯರು ಗಂಡನ ಕಡೆ ತಿರುಗಿದಳು. ಅವನ ಉತ್ತರ ಕೇಳಿ ಸೊಸೆಗೇ ಆಶ್ಚರ್ಯವಾಯಿತು. "ಅವಳು ಹತ್ತಿಸ್ತಾಳೆ ಮೇಡಂ. ನಾನು ಹಿಂದೆ ನಡೀತೀನಿ. ಲಾರಿ ಹಿಂದಕ್ಕೆ ಜಾರದಂಗೆ ಚಕ್ರಕ್ಕೆ ಮರದ ತುಂಡು ಕೊಡೋಕೆ ನಂಬಿಕಸ್ಥರು ಬೇಕು."

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಪಂಪು ಏರಿಸಿ ಸರಪಳಿ ಬಿಗಿದರು. ಗುಡ್ಡದ ಬುಡದ ಸಮ ನೆಲದಲ್ಲಿ ಲಾರಿ ನಿಲ್ಲಿಸಿ ಸೊಸೆ ಹಿಂದಿನ ರಾಡನ್ನು ತಗ್ಗಿಗೆ ಹಾಕಿದಳು. ಅಂಗೈಯಿಂದ ಇನ್ನೊಮ್ಮೆ ಒತ್ತಿ ನೋಡಿದಳು. ಗಟ್ಟಿಯಾಗಿ ಕೂತಿತ್ತು. ಪಕ್ಕದ ಸೀಟಿನಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿನ ಹಿಡಿ ಹಿಡಿದು ಕೂತಿದ್ದರು.

"ಭಯ ಆಗ್ತಿದೆಯಾ ಅತ್ತೆ?"

"ಸವತಿ ಮನೆಗೆ ಬಂದಿದೀನಿ, ಭಯ ಪಡ್ತೀನಾ? ನಡಿ."

ಮುಂದಿನ ಪೆಟ್ಟಿಗೆಯ ಮೂರನೆಯ ಗೇರಿನಲ್ಲಿ ಲಾರಿ ಹೊರಟಿತು. ಮನುಷ್ಯ ನಡೆಯುವ ವೇಗ. ಹಿಂದೆ ಎಡಗಡೆ ಮಾವ, ಬಲಗಡೆ ಮಗ, ಇಬ್ಬರ ಕೈಯಲ್ಲೂ ಮುಂಗೈ ಉದ್ದದ ಮರದ ತುಂಡು. ಮಂಡಿಯ ಮಾತು ಮರೆತು ಮಾವ ಹುಡುಗನ ಹಾಗೆ ನಡೆಯುತ್ತಿದ್ದರು. ಇನ್ನೊಂದು ಕೈಯನ್ನು ಲಾರಿಯ ಹಿಂಬಾಗಿಲ ಮೇಲಿಟ್ಟು, ಅಂಗೈಯಿಂದಲೇ ಅದರ ಮೈಯೊಳಗಿನದನ್ನು ತಿಳಿಯುತ್ತಿದ್ದರು.

ಮೂರು ತಿರುವು ಸಲೀಸಾಗಿ ದಾಟಿತು. ನಾಲ್ಕನೆಯದರಲ್ಲಿ ಗಂಡ ಮುಂದೆ ಓಡಿ ಬಂದು ಎಷ್ಟು ಜಾಗವಿದೆ ಎಂದು ಕೈಯಲ್ಲಿ ತೋರಿಸಿದ. ಒಂದೇ ಸಲಕ್ಕೆ ಲಾರಿ ಹೊರಳಿಕೊಂಡಿತು. ಕೊಡ ಇಳಿಸಿ ನಿಂತಿದ್ದ ಹೆಂಗಸರು "ಹೋಯ್!" ಎಂದು ಕೂಗಿದರು. ಐದು ದಾಟಿದ ಮೇಲೆ ಎಂಜಿನ್ನಿನ ದನಿ ಭಾರವಾಯಿತು; ಅವಳು ಎರಡನೆಯದಕ್ಕೆ ಇಳಿಸಿದಳು. ಏಳನೆಯ ತಿರುವಿನ ಹತ್ತಿರ ರಸ್ತೆ ಗೋಡೆಯ ಹಾಗೆ ಎದ್ದು ನಿಂತಿತ್ತು. ಲಾರಿ ತಿರುಗುತ್ತಿದ್ದಂತೆ ಎಂಜಿನ್ನು ಗುದ್ದಿಗುದ್ದಿ ಉಸಿರು ಕಟ್ಟಿಕೊಳ್ಳತೊಡಗಿತು. ಒಂದನೆಯದಕ್ಕೆ ಹಾಕಲೇಬೇಕು. ತಪ್ಪಿದರೆ ಲಾರಿ ಹಿಂದಕ್ಕೆ, ಹಿಂದೆ ಮಾವ ಮತ್ತು ಗಂಡ.

ಅವಳು ಕ್ಲಚ್ಚು ಒತ್ತಿ ರಾಡು ಎಳೆದಳು, ಬಿಟ್ಟಳು, ಎಕ್ಸಿಲರೇಟರು ತುಳಿದು ಎಂಜಿನ್ನಿಗೆ ಒಮ್ಮೆ ಏರು ಕೊಟ್ಟಳು. ಲಾರಿ ನಿಂತೇ ಹೋಯಿತೇನೋ ಅನ್ನಿಸಿತು. ಅತ್ತೆಯ ಕೈ ಮೇಲೆದ್ದಿತು. ಸೊಸೆ ಅದನ್ನು ನೋಡಲಿಲ್ಲ, ಕಾಯಲೂ ಇಲ್ಲ. ತನಗೆ ಕೇಳಿಸಿದ ಕಡೆ ರಾಡು ದೂಡಿದಳು.

ಕೂತಿತು. ಸದ್ದೇ ಇಲ್ಲದೆ ಕೂತಿತು.

"ಸರಿಯಾದ ಹೊತ್ತು!" ಎಂದು ಅತ್ತೆ ತೊಡೆ ತಟ್ಟಿಕೊಂಡರು. "ನಾನು ಹೇಳೋದ್ರೊಳಗೆ ಹಾಕಿಬಿಟ್ಯಲ್ಲೇ!"

ಹಿಂದೆ ಮಾವ ಒಂದು ಹೆಜ್ಜೆ ತಪ್ಪಿದವರಂತೆ ನಿಂತು, ಮಗನ ತೋಳು ಹಿಡಿದರು. "ಒಂದನೇದು ಹಾಕಿದ್ಲು ಕಣೋ! ಉಜ್ಜಲಿಲ್ಲ! ಕೈಗೆ ಗೊತ್ತಾಯ್ತು!" ಮಗ ಅವರನ್ನು ಹಿಡಿದುಕೊಂಡೇ ಮುಂದೆ ನಡೆಸಿದ.

ಲಾರಿ ತೆವಳಿತು. ಎಂಟನೆಯ ತಿರುವು, ಒಂಬತ್ತನೆಯ ತಿರುವು. ಆ ವೇಗಕ್ಕೆ ಬಡಾವಣೆಯ ಮಕ್ಕಳು ಪಕ್ಕದಲ್ಲಿ ಕುಂಟಾಟ ಆಡುತ್ತ ಬಂದವು. ನೆತ್ತಿಯ ಪಂಪುಮನೆಯ ಮುಂದೆ ಅವಳು ಬ್ರೇಕು ಜಗ್ಗಿ ಎಂಜಿನ್ನು ನಿಲ್ಲಿಸಿದಳು. ಆಮೇಲೆ ಸುತ್ತಲಿನ ಮನೆಗಳ ಮಾಳಿಗೆಯ ಮೇಲಿಂದ ಯಾರೋ ಖಾಲಿ ಕೊಡ ಬಡಿಯತೊಡಗಿದರು. ಅದನ್ನು ಕೇಳಿ ಇನ್ನೊಬ್ಬರು, ಮತ್ತೊಬ್ಬರು. ಇಡೀ ಬಡಾವಣೆ ಬಕೆಟ್ಟು, ಬಿಂದಿಗೆ, ತಪ್ಪಲೆ ಬಡಿದು ಗುಡ್ಡವನ್ನೇ ಎಬ್ಬಿಸಿತು. ಎಂಜಿನಿಯರು ಬಿದ್ದುಹೋದ ದನಿಯಲ್ಲಿ ಏನೋ ಹೇಳಲು ಹೋಗಿ ಆಗದೆ ಅತ್ತೆಯನ್ನು ತಬ್ಬಿಕೊಂಡಳು.

ನಾಲ್ಕು ದಿನದ ಮೇಲೆ, ಸುಟ್ಟ ಹಳೆಯ ಪಂಪನ್ನು ಕೆಳಗೆ ತರಲು ಈ ಮನೆಯವರೇ ಬೇಕೆಂದು ಎಂಜಿನಿಯರು ಹೇಳಿಕಳಿಸಿದಳು. ನಾಲ್ವರೂ ಕ್ಯಾಬಿನ್ನಿನಲ್ಲಿ ಒತ್ತಿಕೊಂಡು ಹೋದರು. ಬಡಾವಣೆಯ ರಸ್ತೆಯೆಲ್ಲ ಒದ್ದೆಯಾಗಿತ್ತು. ಹೊಸ್ತಿಲು, ಸೈಕಲ್ಲು, ಹಾಸಿಗೆ ಹೊದಿಕೆ, ಶಾಲೆಯ ಬೆಂಚು, ಕೈಗೆ ಸಿಕ್ಕಿದ್ದನ್ನೆಲ್ಲ ಜನ ತೊಳೆಯುತ್ತಿದ್ದರು. ಒಬ್ಬಾಕೆ ಎರಡು ಕೊಡ ನೀರು ತಂದು ಲಾರಿಯ ಗಾಜಿನ ಮೇಲೆ ಸುರಿದು, "ಇಷ್ಟೂ ನಿಮ್ಮದೇ," ಎಂದಳು.

ಇಳಿಯುವ ಮೊದಲು ಸಮ ನೆಲದಲ್ಲಿ ನಿಂತು ಸೊಸೆ ತಗ್ಗಿಗೆ ಹಾಕಿದಳು. ನಾಲ್ವರೂ ಆ ರಾಡನ್ನೇ ನೋಡಿದರು. ಹಿಂದೆ ಏಳು ಟನ್ನು ಕಬ್ಬಿಣ. ಮುಂದೆ ಮಾವನ ಕೈಯಿಂದ ಲಾರಿ ಜಾರಿದ್ದ ಅದೇ ಇಳಿಜಾರು. ಅವಳು ಎಕ್ಸಿಲರೇಟರಿನಿಂದ ಕಾಲೆತ್ತಿದಳು. ಪೆಟ್ಟಿಗೆ ಊಂ ಎಂದು ಭಾರ ಹಿಡಿಯಿತು. ಒಂದು ತಿರುವು, ಎರಡು, ಮೂರು. ಗಂಡ ರಾಡಿನ ಗುಂಡಿಯ ಮೇಲೆ ಮೆಲ್ಲಗೆ ಕೈಯಿಟ್ಟ. ಅದು ಕಲ್ಲಿನ ಹಾಗೆ ನಿಂತಿತ್ತು. ಹಣೆಯ ಬೆವರು ಒರೆಸಿ ನಕ್ಕ.

"ಒಳ್ಳೇ ಕೆಲಸ ಮಾಡಿದೀಯ," ಎಂದರು ಮಾವ.

"ನನಗಾ ಹೇಳಿದ್ದು?"

"ಮತ್ತಿನ್ಯಾರಿಗೆ? ರಬ್ಬರು ಕೂರಿಸಿದೋನು ನೀನು." ಮಾವ ಕಿಟಕಿಯಾಚೆ ನೋಡುತ್ತ ಮುಂದುವರಿಸಿದರು. "ಬರೋ ಭಾನುವಾರ ಬಯಲಿಗೆ ಬಾ. ನಿನಗೂ ಕಲಿಸ್ತೀನಿ. ಮೂರು ದಿನ ಅಲ್ಲ, ಎಷ್ಟು ದಿನ ಬೇಕೋ ಅಷ್ಟು."

ಲಾರಿ ಇನ್ನೊಂದು ತಿರುವು ಇಳಿಯಿತು. "ಬರ್ತೀನಿ," ಎಂದ, ಅಪ್ಪನ ಕಿವಿಯ ಹತ್ತಿರ ಬಗ್ಗಿ. "ಆದ್ರೆ ಈ ಸಲ ಕೂಗಬಾರದು."

"ಕೂಗ್ತೀನಿ."

"ಅಪ್ಪ!"

"ಕೂಗದೆ ಏನು ಮಾಡ್ಲಿ?" ಎಂದರು ಮಾವ. "ಕಿವಿ ಕೇಳದೋನಿಗೆ ತಾನು ಎಷ್ಟು ಜೋರಾಗಿ ಮಾತಾಡ್ತಿದೀನಿ ಅಂತ ಹೇಗೆ ಗೊತ್ತಾಗಬೇಕು ಕಣೋ?"

ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರು. ಸೊಸೆ ನಗು ತಡೆಯಲಾರದೆ ಹಾರನ್ನಿನ ಮೇಲೆ ಕೈ ಒತ್ತಿದಳು, ಬುಡ ಮುಟ್ಟುವವರೆಗೂ ಎತ್ತಲಿಲ್ಲ.